ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಯಾಕೆ ನಿಲ್ಲುವುದಿಲ್ಲ?

ದಾವಣಗೆರೆಯ ಸಣ್ಣ ಆಫೀಸುಗಳಲ್ಲಿ, ಕಾಲೇಜು ಲ್ಯಾಬ್‌ಗಳಲ್ಲಿ ಸರ್ವರ್ ನೋಡಿಕೊಳ್ಳುವವರಲ್ಲಿ ಒಂದು ಗಟ್ಟಿ ನಂಬಿಕೆ ಇದೆ. ಬ್ರೌಸರ್‌ನಿಂದಲೇ ಸರ್ವರ್ ನೋಡಿಕೊಳ್ಳುವ ಸಾಫ್ಟ್‌ವೇರ್ ಆದ ವೆಬ್‌ಮಿನ್‌ಗೆ ಲಾಗಿನ್ ಆದ ಮೇಲೂ ಅದು ಮತ್ತೆ ಲಾಗಿನ್ ಪುಟಕ್ಕೇ ತಂದು ನಿಲ್ಲಿಸಿದರೆ ಪಾಸ್‌ವರ್ಡ್ ಬದಲಿಸಬೇಕು. ಅದಕ್ಕೂ ಬಗ್ಗದಿದ್ದರೆ ಸರ್ವರ್ ರೀಸ್ಟಾರ್ಟ್ ಮಾಡಬೇಕು. ಆಯುಧಪೂಜೆ ಸರಿಯಾಗಿ ಆಗಿಲ್ಲ ಅನ್ನೋರೂ ಇದ್ದಾರೆ. ತಮಾಷೆಗೇ ಹೇಳ್ತಾರೆ, ಆದರೂ ನನಗೆ ಅನುಮಾನ.

ಪಾಸ್‌ವರ್ಡ್ ತಪ್ಪಿದ್ದರೆ ಸರ್ವರ್ ಸಾಮಾನ್ಯವಾಗಿ ಹಾಗಂತ ಹೇಳುತ್ತದೆ. ಒಳಗೆ ಬಿಟ್ಟು ಆಮೇಲೆ ಹೊರಗೆ ಹಾಕಿದರೆ ಮೊದಲು ಕುಕಿ ನೋಡಿ, ಅಂದರೆ ಸರ್ವರ್ ಕೊಟ್ಟು ಬ್ರೌಸರ್ ಎತ್ತಿಟ್ಟುಕೊಳ್ಳುವ ಪುಟ್ಟ ಗುರುತು.

ಬ್ರೌಸರ್ ಮತ್ತು ಸರ್ವರ್ ಮಾತಾಡುವ ಭಾಷೆಯಾದ ಎಚ್‌ಟಿಟಿಪಿಗೆ ನೆನಪಿನ ಶಕ್ತಿ ಇಲ್ಲ. ಪ್ರತಿ ಕ್ಲಿಕ್ಕೂ ಅದಕ್ಕೆ ಹೊಸಬರ ಭೇಟಿ. ಇದಕ್ಕೆ ಮದ್ದಾಗಿ 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಕುಕಿ ತಂದರು. ಬಸ್ ಸ್ಟ್ಯಾಂಡ್ ಪಕ್ಕದ ಬೈಕ್ ಪಾರ್ಕಿಂಗ್‌ನ ಚೀಟಿ ಇದ್ದಂತೆ ಅದು. ನಂಬರ್ ನಿಮ್ಮ ಕೈಯಲ್ಲೊಂದು, ಅವನ ಪುಸ್ತಕದಲ್ಲೊಂದು. ಸಂಜೆ ಚೀಟಿ ತೋರಿಸಿದರೆ ಸಾಕು, ಹೆಸರು ಯಾರೂ ಕೇಳುವುದಿಲ್ಲ. ಚೀಟಿ ಅದಲುಬದಲಾದರೆ ಮಾತ್ರ ಬೈಕ್ ನಿಮ್ಮದೇ ಆದರೂ ತಕರಾರು.

ಮಜಾ ಇರುವುದು ಇಲ್ಲೇ. ಬ್ರೌಸರ್ ಕುಕಿಯನ್ನು ಎತ್ತಿಡುವುದು ವಿಳಾಸದ ಲೆಕ್ಕದಲ್ಲಿ. ಪೋರ್ಟ್ ನಂಬರನ್ನು, ಅಂದರೆ ಒಂದೇ ವಿಳಾಸದ ಬೇರೆ ಬೇರೆ ಬಾಗಿಲುಗಳ ನಂಬರನ್ನು, ಅದು ಗಮನಿಸುವುದೇ ಇಲ್ಲ! ಆಫೀಸಿಗೆ ಒಂದೇ ಪಬ್ಲಿಕ್ ಐಪಿ (ಹೊರಗಿನಿಂದ ಕಾಣುವ ವಿಳಾಸ) ಇದೆ ಅನ್ನಿ. ರೌಟರ್‌ನಲ್ಲಿ ಪೋರ್ಟ್ 10000 ಒಂದು ಸರ್ವರ್‌ಗೆ, 10001 ಇನ್ನೊಂದಕ್ಕೆ. ಎರಡರಲ್ಲೂ ವೆಬ್‌ಮಿನ್, ಎರಡರ ಕುಕಿಗೂ 'ಎಸ್‌ಐಡಿ' ಅಂತಲೇ ಹೆಸರು. ಎರಡನೆಯದಕ್ಕೆ ಲಾಗಿನ್ ಆದ ಕೂಡಲೇ ಮೊದಲನೆಯದರ ನಂಬರ್ ಅಳಿಸಿ ಹೊಸದು ಕೂರುತ್ತದೆ. ವಾಪಸ್ ಮೊದಲನೆಯದಕ್ಕೆ ಹೋದರೆ ಅದರ ಪುಸ್ತಕದಲ್ಲಿ ಆ ನಂಬರೇ ಇಲ್ಲ. ಅಲ್ಲಿಗೆ ಮತ್ತೆ ಲಾಗಿನ್ ಪುಟ. ಪಾಸ್‌ವರ್ಡ್ ಪಾಪ ಏನು ಮಾಡೀತು?

ಇದನ್ನು ಸರಿಪಡಿಸಲು ನೋಡಿದವರೂ ಇದ್ದಾರೆ. 2000ದ ಆರ್‌ಎಫ್‌ಸಿ 2965ರಲ್ಲಿ (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ನಡೆಯುವ ರೀತಿಯನ್ನು ಬರೆದಿಡುವ ದಾಖಲೆ) ಕುಕಿಗೆ ಪೋರ್ಟ್ ಕಟ್ಟುವ ವ್ಯವಸ್ಥೆ ಇತ್ತು. ಹೆಚ್ಚಿನ ಬ್ರೌಸರ್‌ಗಳು ಅದನ್ನು ಒಪ್ಪಿಕೊಳ್ಳಲೇ ಇಲ್ಲ. 2011ರ ಆರ್‌ಎಫ್‌ಸಿ 6265, ಕುಕಿಗಳು ಪೋರ್ಟ್ ಪ್ರಕಾರ ಬೇರೆಯಾಗುವುದಿಲ್ಲ ಅಂತ ನೇರವಾಗಿಯೇ ಬರೆಯಿತು.

ಪರಿಹಾರ ಸುಲಭ. ಎರಡು ಸರ್ವರ್‌ಗೂ ಬೇರೆ ಬೇರೆ ಹೋಸ್ಟ್‌ನೇಮ್ (ಐಪಿ ಬದಲು ಹೆಸರಿನ ವಿಳಾಸ) ಕೊಟ್ಟು ಅದರಲ್ಲೇ ತೆರೆಯಿರಿ. ಇಲ್ಲವೇ ಒಂದರ ಕುಕಿ ಹೆಸರು ಬದಲಿಸಿ. ವೆಬ್‌ಮಿನ್‌ನ ಜೊತೆಗಾರ ಯೂಸರ್‌ಮಿನ್ 'ಯುಎಸ್‌ಐಡಿ' ಅನ್ನುವ ಬೇರೆ ಹೆಸರು ಬಳಸುವುದರಿಂದಲೇ ಅವೆರಡಕ್ಕೂ ಜಗಳವಿಲ್ಲ. ತುರ್ತಿಗೆ ಒಂದನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಎರಡನ್ನೂ ಅಲ್ಲೇ ತೆರೆದರೆ ಅದೇ ಜಗಳ ಅಲ್ಲೂ ಶುರುವಾಗುತ್ತದೆ, ಯಾಕಂದ್ರೆ ಇನ್‌ಕಾಗ್ನಿಟೋ ಕಿಟಕಿಗಳೆಲ್ಲ ಒಂದೇ ಕುಕಿ ಸಂಗ್ರಹ ಹಂಚಿಕೊಳ್ಳುತ್ತವೆ.