ಪಾಷಾಣ ಅರೆದ ಕಲ್ಲಿನಿಂದ ಉಪ್ಪುನೀರಿನ ಬಾಟಲಿವರೆಗೆ

1693ರ ಆಗಸ್ಟ್ ತಿಂಗಳು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೌನ್ಸಿಲ್ ಸದಸ್ಯ ಜೇಮ್ಸ್ ವೀಲರ್ ಔಷಧಿ ತಗೊಂಡ ಮೇಲೆ ತೀರಿಕೊಂಡ. ಔಷಧಿ ಕೊಟ್ಟಿದ್ದು ಸ್ಯಾಮ್ಯುಯೆಲ್ ಬ್ರೌನ್ ಎಂಬ ವೈದ್ಯ. ಕೊಡಬೇಕಾಗಿದ್ದದ್ದು ಮುತ್ತಿನ ಪುಡಿ. ಆದರೆ ಅದನ್ನು ಅರೆದ ಕಲ್ಲಿನಲ್ಲೇ ಹಿಂದೆ ಪಾಷಾಣ, ಅಂದರೆ ಆರ್ಸೆನಿಕ್, ಅರೆದಿದ್ದರು. ಎಡ್ವರ್ಡ್ ಬಲ್ಕ್ಲಿ ಎಂಬ ಇನ್ನೊಬ್ಬ ವೈದ್ಯ ಶವ ಕೊಯ್ದು ನೋಡಿ ವರದಿ ಕೊಟ್ಟ. ಭಾರತದಲ್ಲಿ ದಾಖಲಾದ ಮೊದಲ ಕಾನೂನುಬದ್ಧ ಶವಪರೀಕ್ಷೆ ಇದು ಎನ್ನುತ್ತಾರೆ.

ಬಲ್ಕ್ಲಿಯ ಬಳಿ ಚಾಕು, ಕಣ್ಣು ಬಿಟ್ಟರೆ ಜಾಸ್ತಿ ಏನೂ ಇರಲಿಲ್ಲ. ಪಾಷಾಣ ತಿಂದವರಿಗೂ ಕಾಲರಾ ಬಂದವರಿಗೂ ಒಂದೇ ಥರ ವಾಂತಿ, ಭೇದಿ. ವಿಷ ಇತ್ತು ಅಂತ ಕೋರ್ಟಿಗೆ ತೋರಿಸುವುದು ಹೇಗೆ? 1832ರಲ್ಲಿ ಇಂಗ್ಲೆಂಡಿನ ರಸಾಯನ ತಜ್ಞ ಜೇಮ್ಸ್ ಮಾರ್ಷ್‌ಗೆ ಇದೇ ಸಂಕಟ ಎದುರಾಯಿತು. ಮೊಮ್ಮಗನೇ ಅಜ್ಜನ ಕಾಫಿಗೆ ಪಾಷಾಣ ಹಾಕಿದನೆಂಬ ಮೊಕದ್ದಮೆ. ಮಾರ್ಷ್ ವಿಷ ಕಂಡುಹಿಡಿದರೂ ವಿಚಾರಣೆ ಹೊತ್ತಿಗೆ ಮಾದರಿ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ. ಆ ನೋವಿನಿಂದಲೇ ಮಾರ್ಷ್ 1836ರಲ್ಲಿ ಹೊಸ ಪರೀಕ್ಷೆ ಕೊಟ್ಟರು. ಚೂರೇ ಚೂರು ಪಾಷಾಣ ಇದ್ದರೂ ಗಾಜಿನ ಮೇಲೆ ಕಪ್ಪಗೆ ಹೊಳೆಯುವ ಪದರ ಮೂಡುತ್ತಿತ್ತು. 1849ರಲ್ಲಿ ನಮ್ಮಲ್ಲಿ ಮೊದಲ ರಾಸಾಯನಿಕ ಪರೀಕ್ಷಾಲಯ ಶುರುವಾಯಿತು. ಅದೂ ಮದರಾಸಿನಲ್ಲೇ!

ಕಾನೂನು ನಿಧಾನವಾಗಿ ಬಂತು. ವರದಕ್ಷಿಣೆಗಾಗಿ ಹೆಣ್ಣುಮಕ್ಕಳು ‘ಸ್ಟೋವ್ ಸಿಡಿದು’ ಸಾಯುತ್ತಿದ್ದ ಕಾಲದಲ್ಲಿ, 1983ರಲ್ಲಿ, ತಿದ್ದುಪಡಿ ಆಯಿತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರ ಮಾತಷ್ಟೇ ಸಾಲದು, ಮ್ಯಾಜಿಸ್ಟ್ರೇಟ್ ವಿಚಾರಣೆ ಬೇಕು. ಅದಕ್ಕೇ ಇಂಥ ಸಾವುಗಳಲ್ಲಿ ತಹಶೀಲ್ದಾರರು ಮ್ಯಾಜಿಸ್ಟ್ರೇಟರಾಗಿ ಬಂದು ಶವ ಮಹಜರು ಮಾಡುವುದು. ಎಷ್ಟು ಜೀವ ಹೋದ ಮೇಲೆ ಬಂದ ಕಾನೂನು ಅದು!

ಈಗ ಏನಾಗುತ್ತದೆ? ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. ಪಂಚರ ಎದುರು ಮಹಜರು ನಡೆಯುತ್ತದೆ. ಆಮೇಲೆ ಶವಾಗಾರ. ವೈದ್ಯರು ಮೊದಲೇ ಕೊಯ್ಯುವುದಿಲ್ಲ, ನೋಡುತ್ತಾರೆ. ಬಟ್ಟೆ, ಉಗುರು, ಮೈ ಸೆಟೆದಿರುವುದು. ರಕ್ತ ಕೆಳಕ್ಕೆ ಇಳಿದು ಚರ್ಮದ ಮೇಲೆ ಮೂಡುವ ಕೆನ್ನೀಲಿ ಕಲೆ. ಅಂಗಾತ ಮಲಗಿದ್ದ ದೇಹದ ಎದೆ ಮೇಲೆ ಆ ಕಲೆ ಇದ್ದರೆ, ಸತ್ತ ಮೇಲೆ ಯಾರೋ ಹೊರಳಿಸಿರಬಹುದು ಅಲ್ವಾ? ಹಠಾತ್ ಸಾವುಗಳಲ್ಲಿ ಎಷ್ಟೋ ಸಲ ಕಾರಣ ಹೃದಯವೇ ಆಗಿರುತ್ತದೆ. ಅದರ ರಕ್ತನಾಳ ಸೀಳಿ ನೋಡಿ, ತುಂಡನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ಎಂಬ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸುತ್ತಾರೆ.

ವಿಷದ ಅನುಮಾನ ಇದ್ದರೆ ದಾರಿ ಬೇರೆ. ಜಠರ ಮತ್ತು ಅದರಲ್ಲಿರುವುದು, ಸಣ್ಣ ಕರುಳು, ಯಕೃತ್ತು, ಮೂತ್ರಪಿಂಡದ ತುಂಡುಗಳು. ಇವಕ್ಕೆ ವಿಸೆರಾ ಅಂತಾರೆ. ಅಗಲ ಬಾಯಿಯ ಬಾಟಲಿಗೆ ಹಾಕಿ ಮೇಲೆ ಉಪ್ಪುನೀರು ತುಂಬುತ್ತಾರೆ. ಹೌದು, ಅಡುಗೆಮನೆಯ ಅದೇ ಉಪ್ಪು. ಇನ್ನು ಕರಗದು ಅನ್ನುವಷ್ಟು ಹಾಕಿ ಕರಗಿಸಿದ್ದು. ಇಲ್ಲಿ ಫಾರ್ಮಲಿನ್ ಹಾಕಿದರೆ ವಿಷ ಹುಡುಕುವ ಪರೀಕ್ಷೆಯೇ ಹಾಳಾಗಬಹುದು. ಕಾಲು ಕಿಲೋ ಉಪ್ಪಿನ ಬೆಲೆಯ ತಪ್ಪಿಗೆ ಒಂದು ಕುಟುಂಬ ನಿಜವನ್ನೇ ಕಳೆದುಕೊಳ್ಳುತ್ತದೆ.

ಮನೆಯವರಿಗೆ ಅವತ್ತು ಶವ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ವಿಸೆರಾ ವರದಿ ಬರುವವರೆಗೆ ವೈದ್ಯರು ಸಾವಿನ ಕಾರಣದ ಅಭಿಪ್ರಾಯವನ್ನು ಕಾಯ್ದಿರಿಸುತ್ತಾರೆ. ಅದನ್ನು ‘ಮುಚ್ಚಿಹಾಕುತ್ತಿದ್ದಾರೆ’ ಅಂತ ಸುಮ್ನೆ ಅನುಮಾನಿಸಬೇಡಿ. ಗೊತ್ತಾಗದೆ ಬರೆಯದಿರುವುದೇ ಸರಿ. ಆದರೆ ಆ ಕಾಯುವಿಕೆ ತಿಂಗಳುಗಟ್ಟಲೆ ಎಳೆಯುವುದು ಸರಿಯಲ್ಲ. ಕೇಳುವ ಹಕ್ಕು ಮನೆಯವರಿಗಿದೆ.

ಅಷ್ಟರಲ್ಲಿ ಬಾಟಲಿ ಬಟ್ಟೆ ಸುತ್ತಿಸಿಕೊಂಡು, ಅರಗಿನ ಮುದ್ರೆ ಒತ್ತಿಸಿಕೊಂಡು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿರುತ್ತದೆ. ನಮ್ಮ ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಅಲ್ಲಿ ಯಂತ್ರಗಳ ಸರದಿ ಆಮೇಲೆ. ಮೊದಲು ಬಾಟಲಿಯ ಮೇಲಿನ ಮುದ್ರೆಯನ್ನು ಜೊತೆಗೆ ಬಂದ ಮಾದರಿ ಮುದ್ರೆಯ ಪಕ್ಕ ಇಟ್ಟು, ಎರಡೂ ಒಂದೇನಾ ಅಂತ ನೋಡುತ್ತಾರೆ.