ಚಿನ್ನದ ಮೇಲಿನ ಪದರಕ್ಕೆ ಒಂದು ರಾತ್ರಿ ಬೇಕು

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ನಮ್ಮ ಲ್ಯಾಬಿನ ವಿದ್ಯಾರ್ಥಿನಿಯೊಬ್ಬಳು ಚಿನ್ನ ಲೇಪಿಸಿದ ಗಾಜಿನ ಚೂರೊಂದನ್ನು ತಂದು ತೋರಿಸಿದಳು. ಮೇಲೆ ಬಿಟ್ಟ ನೀರಿನ ಹನಿ ಹರಡದೆ ಉಬ್ಬಿ ನಿಂತಿತ್ತು. ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನ, ಅಂದರೆ ಸಂಪರ್ಕ ಕೋನ, ಅಳೆದರೆ 108 ಡಿಗ್ರಿ. "ಪದರ ಚೆನ್ನಾಗಿ ಕೂತಿದೆ ಮೇಡಂ" ಅಂದಳು. ಚಿನ್ನದ ಮೇಲೆ ಒಂದೇ ಅಣುವಿನಷ್ಟು ದಪ್ಪದ ಪದರ ಕಟ್ಟುವ ಥಯಾಲ್ (ಗಂಧಕದ ತುದಿಯಿರುವ ಅಣು) ದ್ರಾವಣದಲ್ಲಿ ಅದ್ದಿಟ್ಟದ್ದು ಹತ್ತೇ ನಿಮಿಷ. ಅದೇ ಚೂರನ್ನು, ಚಿನ್ನದಿಂದ ಎಲೆಕ್ಟ್ರಾನ್ ಪಡೆಯಬಲ್ಲ ಫೆರಿಸಯನೈಡ್ ದ್ರಾವಣಕ್ಕೆ ಇಳಿಸಿ ವೋಲ್ಟೇಜ್ ಕೊಟ್ಟೆವು. ಪದರ ಒತ್ತಾಗಿದ್ದರೆ ಕರೆಂಟ್ ತಡೆಯಬೇಕಿತ್ತು, ಅದು ಸರಾಗವಾಗಿ ಹರಿಯಿತು. ಪದರದ ತುಂಬ ತೂತು.

ನಾವು ಬಳಸಿದ್ದು ಡೋಡೆಕೇನ್‌ಥಯಾಲ್. ಒಂದು ತುದಿಯ ಗಂಧಕ ಚಿನ್ನವನ್ನು ಹಿಡಿಯುತ್ತದೆ, 12 ಇಂಗಾಲದ ಬಾಲ ಮೇಲಕ್ಕೆ ನಿಲ್ಲುತ್ತದೆ. ಪದರದ ದಪ್ಪ ಸುಮಾರು ಒಂದೂವರೆ ನ್ಯಾನೊಮೀಟರ್. ಗಂಧಕವಿರುವ ಅಣುಗಳು ಚಿನ್ನದ ಮೇಲೆ ಹೀಗೆ ತಾವಾಗಿಯೇ ಒತ್ತಾಗಿ ಜೋಡಣೆಯಾಗುವುದನ್ನು ರಸಾಯನವಿಜ್ಞಾನಿಗಳಾದ ನುಝೊ ಮತ್ತು ಅಲ್ಲಾರಾ 1983ರಲ್ಲೇ ತೋರಿಸಿದ್ದರು.

ಮೆಜೆಸ್ಟಿಕ್‌ನಲ್ಲಿ ಬಸ್ ತುಂಬುವುದು ನಿಮಿಷದ ಕೆಲಸ. ಕಂಡಕ್ಟರ್ "ಒಳಗೆ ನಡೀರಿ" ಅಂತ ಕೂಗಿ, ಎಲ್ಲರೂ ಸರಿದು ನಿಲ್ಲುವ ಹೊತ್ತಿಗೆ ಎರಡು ಸ್ಟಾಪ್ ದಾಟಿರುತ್ತದೆ. ಅಣುಗಳದ್ದೂ ಅದೇ ಕಥೆ. ಚಿನ್ನ ಮುಚ್ಚಿಕೊಳ್ಳುವುದು ಬೇಗ, ಬಾಲಗಳು ಸಾಲುಗೂಡುವುದು ಗಂಟೆಗಟ್ಟಲೆ. ಚಿನ್ನದ ಸ್ಫಟಿಕದ '111' ಎಂದು ಕರೆಯುವ ಸಮತಟ್ಟಾದ ಮುಖದಲ್ಲಿ ಗಂಧಕಗಳ ನಡುವೆ ಅರ್ಧ ನ್ಯಾನೊಮೀಟರ್ ಅಂತರ. ಬಾಲಗಳಿಗೆ ಅದು ತುಸು ಅಗಲ, ಹಾಗಾಗಿ ಒಂದಕ್ಕೊಂದು ತಾಗಲು ಸುಮಾರು 30 ಡಿಗ್ರಿ ವಾಲುತ್ತವೆ. ಬೆಳ್ಳಿಯ ಮೇಲೆ ಗಂಧಕಗಳು ಇನ್ನೂ ಹತ್ತಿರ ಕೂರುವುದರಿಂದ ವಾಲಿಕೆ ಹತ್ತು ಡಿಗ್ರಿಯ ಆಸುಪಾಸು ಮಾತ್ರ. ಲೋಹ ಬದಲಿಸಿದರೆ ನಿಲುವೇ ಬದಲಾಗುತ್ತದೆ ಎನ್ನುವುದು ನನಗೆ ಇವತ್ತಿಗೂ ಬೆರಗು.

ಹೆಚ್ಚಿನವರು ಥಯಾಲ್ ಬದಲಿಸಿ ನೋಡುತ್ತಾರೆ. ಮೊದಲು ಚಿನ್ನ ನೋಡಿ ಅಂತೀನಿ ನಾನು. ಒರಟು ಚಿನ್ನದ ಕಣಗಳ ಗಡಿಯಲ್ಲಿ ಸಾಲು ಮುರಿಯುತ್ತದೆ. ಅಭ್ರಕದ ಮೇಲೆ ಚಿನ್ನ ಲೇಪಿಸಿ, ಜ್ವಾಲೆಯಲ್ಲಿ ಕಾಯಿಸಿದರೆ ಅಗಲವಾದ ಸಮತಟ್ಟುಗಳು ಸಿಗುತ್ತವೆ. ಆಮೇಲೆ ಎಥೆನಾಲ್‌ನಲ್ಲಿ 1 ಮಿಲಿಮೋಲಾರ್ ಥಯಾಲ್, ಮುಚ್ಚಿದ ಸೀಸೆ, 18ರಿಂದ 24 ಗಂಟೆ. ತಯಾರಾದ ಚೂರನ್ನು ಮೇಜಿನ ಮೇಲೆ ಬಿಡಬೇಡಿ. ಗಾಳಿಯ ಓಝೋನ್ ಗಂಧಕವನ್ನು ಉತ್ಕರ್ಷಿಸಿ ಅದರ ಹಿಡಿತ ಸಡಿಲಿಸುತ್ತದೆ. ಕತ್ತಲಲ್ಲಿ, ನೈಟ್ರೋಜನ್ ತುಂಬಿದ ಡಬ್ಬಿಯಲ್ಲಿಡಿ.

ಆ ಹುಡುಗಿ ಅವತ್ತು ಸಂಜೆಯೇ ಹೊಸ ಚೂರು ಅದ್ದಿಟ್ಟು ಹೋದಳು. ಮರುದಿನ ಕರೆಂಟ್ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಹನಿಯ ಕೋನ ಮಾತ್ರ 108ರಿಂದ 111ಕ್ಕೆ ಏರಿತ್ತು, ಅಷ್ಟೇ.