ಹಳೆ ಮೆಮರಿ ಕಾರ್ಡ್‌ನಿಂದ ಹೊಸ ಕಾರ್ಡ್‌ಗೆ ಎಲ್ಲವನ್ನೂ ಸಾಗಿಸೋದು ಹೇಗೆ?

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನಿನ 32 ಜಿಬಿ ಮೆಮರಿ ಕಾರ್ಡ್ ತುಂಬಿದೆ. ಊರ ಜಾತ್ರೆಯ ಸಣ್ಣಾಟದ ವಿಡಿಯೊ, ಮನೆಯವರ ಫೋಟೊ, ಕೆಲವು ಆಪ್ ಎಲ್ಲ ಅದರಲ್ಲೇ ಇವೆ. 128 ಜಿಬಿ ಕಾರ್ಡ್ ತಂದಿದ್ದೇನೆ. ಏನೂ ಕಳೆಯದಂತೆ ಸಾಗಿಸೋದು ಹೇಗೆ?
– ಓದುಗರು, ಜಮಖಂಡಿ

ಮೊದಲು ಹಳೆ ಕಾರ್ಡ್ ಯಾವ ಬಗೆಯಲ್ಲಿ ಬಳಕೆಯಾಗುತ್ತಿದೆ ಅಂತ ನೋಡಿಕೊಳ್ಳಿ. ಫೋನ್ ಆಫ್ ಮಾಡಿ, ಕಾರ್ಡ್ ತೆಗೆದು, ಕಾರ್ಡ್ ರೀಡರ್‌ನಲ್ಲಿ ಕಂಪ್ಯೂಟರ್‌ಗೆ ಹಾಕಿ. ಫೋಟೊಗಳು ಕಂಡರೆ ಅದು ಪೋರ್ಟಬಲ್ ಕಾರ್ಡ್, ಅಂದರೆ ಬೇರೆ ಕಡೆಯೂ ಓದಬಹುದಾದದ್ದು, ಕೆಲಸ ಸುಲಭ. ಏನೂ ಕಾಣದೆ, ‘ಫಾರ್ಮ್ಯಾಟ್ ಮಾಡಬೇಕೇ?’ ಅಂತ ಕಂಪ್ಯೂಟರ್ ಕೇಳಿದರೆ ದಯವಿಟ್ಟು ಒಪ್ಪಬೇಡಿ. ಕಾರ್ಡ್ ಕೆಟ್ಟಿರಲಿಕ್ಕಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಎಷ್ಟೋ ಫೋನ್‌ಗಳಲ್ಲಿ ಕಾರ್ಡನ್ನು ಒಳಗಿನ ಸ್ಟೋರೇಜ್‌ಗೇ ಸೇರಿಸಿಕೊಳ್ಳಬಹುದು. ಆಗ ಅದರಲ್ಲಿರೋದೆಲ್ಲ ಎನ್‌ಕ್ರಿಪ್ಟ್ ಆಗುತ್ತದೆ. ಅದನ್ನು ಆ ಫೋನ್ ಮಾತ್ರ ಓದಬಲ್ಲದು.

ಪೋರ್ಟಬಲ್ ಆಗಿದ್ದರೆ, ಕಾರ್ಡಿಗೆ ಕಳಿಸಿದ ಆಪ್‌ಗಳನ್ನು ಮೊದಲು ಫೋನಿಗೆ ವಾಪಸ್ ತನ್ನಿ. ಸೆಟ್ಟಿಂಗ್ಸ್‌ನಲ್ಲಿ ಆ ಆಪ್ ತೆರೆದು, ಸ್ಟೋರೇಜ್ ಒತ್ತಿದರೆ ‘ಚೇಂಜ್’ ಅಂತ ಸಿಗುತ್ತದೆ. ಆಮೇಲೆ ಕಾರ್ಡ್‌ನಲ್ಲಿರೋದನ್ನೆಲ್ಲ ಕಂಪ್ಯೂಟರ್‌ಗೆ ಕಾಪಿ ಮಾಡಿ. ಕಟ್ ಬೇಡ, ನಡುವೆ ಕರೆಂಟ್ ಹೋದರೆ ಕಷ್ಟ. ಹೊಸ ಕಾರ್ಡನ್ನು ಫೋನಿನಲ್ಲೇ ಫಾರ್ಮ್ಯಾಟ್ ಮಾಡಿ, ಅದಕ್ಕೆ ಎಲ್ಲವನ್ನೂ ತುಂಬಿ.

ನಿಮ್ಮ ಸಣ್ಣಾಟದ ವಿಡಿಯೊಗಳಿಗೆ ಇದರಿಂದ ಇನ್ನೊಂದು ಲಾಭ ಇದೆ. 32 ಜಿಬಿವರೆಗಿನ ಕಾರ್ಡ್‌ಗಳು ಸಾಮಾನ್ಯವಾಗಿ ಫ್ಯಾಟ್32 ಅನ್ನೋ ಫಾರ್ಮ್ಯಾಟ್‌ನಲ್ಲಿ (ಫೈಲ್‌ಗಳನ್ನು ಜೋಡಿಸಿಡುವ ಬಗೆ) ಇರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಅದಕ್ಕೇ ರಾತ್ರಿಯಿಡೀ ನಡೆಯುವ ಆಟ ತುಂಡು ತುಂಡಾಗಿ ರೆಕಾರ್ಡ್ ಆಗುತ್ತದೆ, ಇಲ್ಲವೇ ನಡುವೆಯೇ ನಿಂತುಬಿಡುತ್ತದೆ. 64 ಜಿಬಿ ಮತ್ತು ಮೇಲಿನ ಕಾರ್ಡ್‌ಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಅವಕ್ಕೆ ಈ ಮಿತಿ ಇಲ್ಲ. ಕೆಲವು ಫೋನ್‌ಗಳು ಮಾತ್ರ ಆಗಲೂ ವಿಡಿಯೊವನ್ನು ತಾವೇ ತುಂಡು ಮಾಡುತ್ತವೆ.

ಒಳ ಸ್ಟೋರೇಜ್‌ಗೆ ಸೇರಿಸಿದ ಕಾರ್ಡ್ ಆದರೆ ಕಂಪ್ಯೂಟರ್‌ನಲ್ಲಿ ಕಾಪಿ ಮಾಡೋದು ನಡೆಯಲ್ಲ. ಅದನ್ನು ಮತ್ತೆ ಫೋನಿಗೇ ಹಾಕಿ. ಸ್ಟೋರೇಜ್‌ನಲ್ಲಿ ಫೋನಿನ ಸ್ವಂತ ಮೆಮರಿ ಆರಿಸಿ, ಮೂರು ಚುಕ್ಕಿ ಒತ್ತಿ ‘ಮೈಗ್ರೇಟ್ ಡೇಟಾ’ ಕೊಡಿ. ಆಪ್‌ಗಳನ್ನೂ ವಾಪಸ್ ತನ್ನಿ. ಫೋನಿನಲ್ಲಿ ಜಾಗ ಸಾಲದಿದ್ದರೆ ಮೊದಲು ಯುಎಸ್‌ಬಿ ಕೇಬಲ್ ಹಾಕಿ ಫೋಟೊ, ವಿಡಿಯೊಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಆಮೇಲೆ ಕಾರ್ಡ್ ಬದಲಿಸಿ, ಹೊಸದನ್ನು ಒಳ ಸ್ಟೋರೇಜ್ ಆಗಿ ಫಾರ್ಮ್ಯಾಟ್ ಮಾಡಿ, ಮತ್ತೆ ಮೈಗ್ರೇಟ್ ಮಾಡಿ. ಆಪ್ ಇಡುವ ಕಾರ್ಡ್ ಮೇಲೆ ಎ1 ಅಥವಾ ಎ2 ಗುರುತು (ಆಪ್ ಓಡಿಸಲು ಬೇಕಾದ ವೇಗ ಇದೆ ಅನ್ನೋ ಗುರುತು) ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಆಪ್‌ಗಳು ತೆವಳುತ್ತವೆ. ಬ್ಯಾಂಕಿನ ಆಪ್‌ಗಳನ್ನು ಸುಮ್ನೆ ಫೋನಿನಲ್ಲೇ ಬಿಡಿ.

ಹೊಸ ಕಾರ್ಡ್ 119 ಜಿಬಿ ಅಂತ ತೋರಿಸಿದರೆ ಗಾಬರಿ ಬೇಡ, ಅದು ಲೆಕ್ಕದ ವ್ಯತ್ಯಾಸ ಅಷ್ಟೇ. ಆದರೆ ನಕಲಿ ಕಾರ್ಡ್‌ಗಳೂ ಜಾಸ್ತಿ ಇವೆ. ಅವು ದೊಡ್ಡ ಗಾತ್ರ ತೋರಿಸಿ, ತುಂಬುತ್ತ ಹೋದಂತೆ ಫೈಲ್‌ಗಳನ್ನು ಹಾಳು ಮಾಡುತ್ತವೆ. ಹಾಗಾಗಿ ಹಳೆ ಕಾರ್ಡನ್ನು ಈಗಲೇ ಅಳಿಸಬೇಡಿ. ಕೊನೆಗೆ ಕಾಪಿಯಾದ ಒಂದೆರಡು ದೊಡ್ಡ ವಿಡಿಯೊಗಳನ್ನು ಹೊಸ ಕಾರ್ಡ್‌ನಿಂದ ತೆರೆದು, ಕೊನೆತನಕ ಓಡಿಸಿ ನೋಡಿ.